ಎಡಗೆನ್ನೆಗೆ ಚುಟ್ಟಿ

ಆಷಾಢದ ಒಂದು ಬೆಳಿಗ್ಗೆ
ಭಾಂಡುಪಿನ ಚಾಳಿನ ನಲ್ಲಿಯೆದುರು ಬಾಯಿ ಮುಕ್ಕಳಿಸಿದರೆ
ನೀರು ಎಡಗಡೆಯಿಂದ ತಾನಾಗಿ ಇಳಿದುಹೋಯಿತು.
ನಾನು ಉಗುಳಿರಲಿಲ್ಲ.

ಗಾಳಿ ಬಡಿದದ್ದು, ಎಂದಳು ಪಕ್ಕದ ಖೋಲಿಯ ಶೇವಂತಾಬಾಯಿ.
ನರ ಬಾತಿದೆ, ಎಂದರು ಪರೇಲಿನ ಡಾಕ್ಟರು:
ಕನ್ನಡಿ ಮುಂದೆ ಕೂತು ಹುಬ್ಬೇರಿಸಿ, ಕೆನ್ನೆ ಉಬ್ಬಿಸಿ,
ದಿನಕ್ಕೆ ನಾಲ್ಕು ಸಲ ಶಿಳ್ಳೆ ಹಾಕಿ.
ಮಸಾಲೆ ಗಿರಣಿಯ ಲೆಕ್ಕ ಬರೆಯುವ ಐವತ್ತರ ಹೆಂಗಸು
ಶಿಳ್ಳೆ ಹಾಕಲು ಕೂತದ್ದು ನೋಡಿ ಹುಡುಗರು ನಕ್ಕರು.
ನಾನೂ ನಕ್ಕೆ,
ಅರ್ಧ.

ಹರಕೆ ಹೇಳಿಕೊಂಡೆಯಾ ವಾರಿಜಾ, ಎಂದು ಊರಿಂದ ಅಕ್ಕನ ಫೋನು.
ಹೇಳಿಕೊಳ್ಳಲು ತುಟಿ ಕೂಡಬೇಕಲ್ಲ?
ಪರಮೇಶ್ವರಿಯ ‘ಪ’ ಗಾಳಿಯಾಗಿ ಸೋರಿತು.
ಅಮ್ಮಾ ಎನ್ನಹೋದರೆ
‘ಮ’ ಹೊಸ್ತಿಲಲ್ಲೇ ನಿಂತಿತು, ಒಳಗೂ ಇಲ್ಲ ಹೊರಗೂ ಇಲ್ಲ.

ಶ್ರಾವಣದ ಎರಡನೇ ಶನಿವಾರ, ಕುರ್ಲಾ.
ಚೌಕಿಯೆಂದರೆ ಸಭಾಗೃಹದ ಹಿಂದಿನ ಊಟದ ಕೋಣೆ:
ಕಬ್ಬಿಣದ ಟ್ರಂಕಿನ ಮೇಲೆ ಗಾಜು ಬಿರಿದ ಗಣಪತಿ ಪಟ,
ಎರಡು ಬಾಳೆಹಣ್ಣು, ಫ್ಯಾನಿಗೆ ಅಂಜುವ ದೀಪ.
ಹಗಲು ಫೋರ್ಟಿನ ಹೋಟೆಲಲ್ಲಿ ಗಲ್ಲಾ,
ರಾತ್ರಿ ಬಣ್ಣ, ಐತಪ್ಪಣ್ಣನಿಗೆ.
ಹನ್ನೊಂದು ಮಳೆಗಾಲ ನನ್ನದೇ ಆಗಿದ್ದ ಹೆಣ್ಣುಬಣ್ಣ.
ಆತ ನನ್ನ ಮುಖ ಬಿಟ್ಟು ಟ್ರಂಕು ನೋಡುತ್ತ ಕೇಳಿದ:
“ಈ ಸಲ ಬೇರೆಯವರಿಗೆ ಕೊಡುವನಾ?”

ನಾನು ಹಿಡಿಸೂಡಿಯ ಕಡ್ಡಿ ಎತ್ತಿಕೊಂಡೆ.

ಅಕ್ಕಿಹಿಟ್ಟು, ಸುಣ್ಣ.
ಒಂದು ಹನಿ, ಅದು ಒಣಗಬೇಕು,
ಅದರ ತಲೆಯ ಮೇಲೆ ಇನ್ನೊಂದು ಹನಿ.
ಬಲಗೆನ್ನೆ ಎಂದಿನ ಹಾಗೆ: ತುರಿಕೆ, ಸೆಡವು,
ಯಾರೋ ಕರೆದರೆ ಓಗೊಡುವ ಚಪಲ; ಹನಿ ಬಿರಿದು ಉದುರಿತು.
ಎಡಗೆನ್ನೆ ಮಾತ್ರ ಗೋಡೆ.
ಹೊರಗೆ ಲೋಕಲ್ ಹೋಯಿತು, ಲೋಟ ನಡುಗಿತು,
ದೀಪ ನಡುಗಿತು, ಗಣಪತಿಯೂ ಒಂದಿಷ್ಟು.
ಹನಿ ಅಲುಗಲಿಲ್ಲ.
“ಇಷ್ಟು ನೆಟ್ಟಗಿನ ಚುಟ್ಟಿ ನಾನು ಕಂಡದ್ದಿಲ್ಲ”
ಎಂದ ಐತಪ್ಪಣ್ಣ ಬೆಳಗಿನ ಜಾವದ ಹೊತ್ತಿಗೆ.
ಮುಚ್ಚಲೊಲ್ಲದ ಎಡಗಣ್ಣಿನ ಸುತ್ತ ಇಂಗಳೀಕ ತೀಡಿದ,
ದೇವರ ಮೂರ್ತಿಗೆ ಕಣ್ಣು ಬರೆಯುವವನ ಹಾಗೆ
ಉಸಿರು ಹಿಡಿದು.

ಚೆಂಡೆ ಬಿತ್ತು.
ಮುಖದ ನರದ ಸುದ್ದಿ ಕಾಲಿಗೆ ಯಾರೂ ಹೇಳಿರಲಿಲ್ಲ.
ರಾಳದ ಹೊಗೆಯಲ್ಲಿ, ಕುರ್ಚಿಗಳ ನಡುವಿಂದ,
ಒಂದು ಹೆಜ್ಜೆ, ತಿರುಗಿ ಇನ್ನೊಂದು,
ಆಮೇಲೆ ಲೆಕ್ಕ ಬಿಟ್ಟುಹೋದ ಸುತ್ತು.
ಯಾರದೋ ಮಡಿಲಲ್ಲಿ ಮಗು ಚಿಟ್ಟನೆ ಚೀರಿತು.
ಅಬ್ಬರಕ್ಕೆ ತುಟಿ ಕೂಡಬೇಕಿಲ್ಲ,
ಬಾಯಿ ತೆರೆದರಾಯಿತು.
ತೆರೆದೆ.
ಆಷಾಢದಿಂದ ಗಂಟಲಲ್ಲಿ ನಿಂತ ಹರಕೆ
ಹಾ ಎಂದು ಛಾವಣಿಯ ತಗಡಿಗೆ ಬಡಿದು
ನನ್ನ ಮೇಲೇ ಬಿತ್ತು.
ಕೇಳಬೇಕಾದವಳಿಗೆ ಕೇಳಿರಬೇಕು.
ಕಿವಿ ದೂರವಿದ್ದರೂ, ಇಷ್ಟು ಜೋರು.

ತೆಂಗಿನೆಣ್ಣೆ ಸವರಿ ಕಳಚಿದರೆ
ಎಡಗೆನ್ನೆಯ ಚುಟ್ಟಿ ಒಂದೇ ಹಲ್ಲೆಯಾಗಿ ಬಂತು.
ಕೆಳಗೆ ಅದೇ ಕೆನ್ನೆ, ಅಷ್ಟೇ ಜೋತು.

ಮೊದಲ ಲೋಕಲಿನಲ್ಲಿ ಮೀನಿನ ಬುಟ್ಟಿಯಾಕೆ
ಬೆರಳು ತೋರಿ ಹೇಳಿದಳು,
ಕಿವಿಯ ಹಿಂದೆ ಬಿಳಿ ಉಳಿದಿದೆ.

ಇರಲಿ, ಎಂದೆ.
ತೊದಲದೆ ಬಂತು.
ತುಟಿಯ ಹಂಗಿಲ್ಲದ ಮಾತು.