ನಾಲ್ಕು ಪದ

ನಾಲ್ಕು ಪದ ಕೊಟ್ಟು, ಇಟ್ಟುಕೋ ಅಂದಳು
ಮಸೇರುವಿನ ಕ್ಲಿನಿಕ್ಕಿನ ನರ್ಸ್:
ನಾಯಿ, ಟೋಪಿ, ಅವರೆ, ಕೆಂಪು.

ಬೆರಳು ತಟ್ಟು, ಬೇಗ ಬೇಗ.
ದಿನಕ್ಕೆ ನಾನೂರು ಜೀನ್ಸ್ ಜೇಬು ಹೊಲಿದ ಬೆರಳು
ಗಂಜಿಯೊಳಗಿಂದ ಎದ್ದ ಹಾಗೆ ಎದ್ದವು.

ಲಿನೆಯೋ, ನನ್ನಕ್ಕ,
ಹೋದ ತಿಂಗಳು ಜೇಬಿನ ನಾಲ್ಕೂ ಬದಿ ಹೊಲಿದುಬಿಟ್ಟಳಂತೆ.
ಸೂಪರ್‌ವೈಸರ್ ನಕ್ಕನಂತೆ: ಕೈ ಹೋಗುವುದೆಲ್ಲಿಂದ?

ಚಪ್ಪಲಿ ಕಳಚಿದ್ದು ಪಾದಕ್ಕೇ ಗೊತ್ತಾಗದೆ
ಒಂಟಿ ಚಪ್ಪಲಿಯಲ್ಲೇ ಬಂದಿದ್ದಾಳೆ;
ರಾತ್ರಿಯಾದರೆ ಅದೇ ಅಂಗಾಲು ಕೆಂಡ.

ರಕ್ತದಲ್ಲಿ ವೈರಸ್ ಕಾಣುತ್ತಿಲ್ಲ ಎನ್ನುತ್ತದೆ ಹಳದಿ ಚೀಟಿ.
ತಲೆಯೊಳಗೆ ಯಾವ ಮೂಲೆ ಹಿಡಿದು ಕೂತಿದೆಯೋ
ಬಾಡಿಗೆ ಕೊಡದೆ.

ಈಗ ಹೇಳು.
ನಾಯಿ, ಅಂದಳು. ಟೋಪಿ.
ಆಮೇಲೆ ನನ್ನ ಕಡೆ ತಿರುಗಿ
ನನ್ನ ಹೆಸರು ಹೇಳಿದಳು, ಪೂರ್ತಿ,
ಅಮ್ಮ ಕರೆಯುತ್ತಿದ್ದ ಅಡ್ಡಹೆಸರೂ ಸೇರಿಸಿ.

ನರ್ಸ್ ಬರೆದುಕೊಂಡಳು: ಎರಡು.