ಪೆಟ್ರೋಲು ಮುಚ್ಚಳದ ಒಳಮೈ

ಬೂತಿನವನು ಇಪ್ಪತ್ತೆಂಟು ಸಾವಿರ ಅಂದ.
ಕಾರು ಮಾರಿದರೂ ಅಷ್ಟು ಬರೋದಿಲ್ಲ ಅಂದೆ.
ಅವನು ನಕ್ಕ, ನಾನೂ ನಕ್ಕೆ,
ಗೇರು ಹಾಕಿ ಬಿ.ಎಂ. ರಸ್ತೆ ಹಿಡಿದೆ.

ನನ್ನ ಹತ್ತಿರ ಇದ್ದದ್ದು ಮೂರು ಸಾವಿರದ ಇನ್ನೂರು,
ಒಂದು ಭಾನುವಾರ,
ಪಂಕ್ಚರ್ ಅಂಗಡಿಯ ಮುನಾವರ್ ಕೊಡುತ್ತೇನೆಂದ ಕಂಪ್ರೆಸರ್,
ಮತ್ತೆ, ಹತ್ತೊಂಬತ್ತು ವರ್ಷದಿಂದ
ಹಾಸನಕ್ಕೆ ಕ್ಲಚ್ಚು ಒತ್ತುವುದು ಕಲಿಸಿದ ಎಡಗಾಲು.

ಉಜ್ಜಲು ಕೂತಾಗ ಗೊತ್ತಾಯಿತು
ಈ ಕಾರು ಒಂದು ಹಾಜರಿ ಪುಸ್ತಕ.
ಎಡ ಬಾಗಿಲ ಗೀರು: ಅಂಚೆ ಕಚೇರಿಯ ವಿಶಾಲಾಕ್ಷಿ,
ರಿವರ್ಸಿನಲ್ಲಿ, ಸಾಲಗಾಮೆ ರಸ್ತೆಯ ಹಾಲಿನ ಬೂತಿಗೆ.
ಬಾನೆಟ್ಟಿನ ತಗ್ಗು: ಆಲೂಗಡ್ಡೆ ಮಂಡಿಯ ರುದ್ರಪ್ಪ ಶೆಟ್ಟರು,
ಬ್ರೇಕು ಅಂತ ಒತ್ತಿದ್ದು ಬ್ರೇಕಲ್ಲ.
ಹಿಂದಿನ ಬಂಪರಿನದನ್ನು ಯಾರೂ ಒಪ್ಪಿಕೊಂಡಿಲ್ಲ,
ಅದು ಹಾಗೇ ಇರಲಿ.
ತಗ್ಗಿಗೆ ಪುಟ್ಟಿ, ನಾನೂರರ ಕಾಗದ, ಹಳೇ ಬಕೆಟ್ಟು.
ಹೆಸರುಗಳೆಲ್ಲ ಹಾಲುನೀರಾಗಿ ಇಳಿದು ಚರಂಡಿಗೆ.

ಇನ್ನು ಬಣ್ಣ.
ಆರ್‌ಸಿ ಪುಸ್ತಕದಲ್ಲಿ ಬಿಳಿ ಅಂತಿದೆ,
ಹಾಗಾಗಿ ಆಯ್ಕೆಯೇ ಇಲ್ಲ ಅಂದುಕೊಂಡಿದ್ದೆ.
ಸಂತೇಪೇಟೆಯ ಅಂಗಡಿಯಲ್ಲಿ ಅನ್ಸರ್ ಸಾಬರು
ಕನ್ನಡಕ ಏರಿಸಿ ಕೇಳಿದರು: ಯಾವ ಬಿಳಿ?

ಸುಣ್ಣದ್ದಿದೆ, ನೀಲಿ ಅದ್ದಿದ ಪಂಚೆಯದಿದೆ,
ಕೊಂಚ ಹಸಿರು, ಹಿದುಕಿದ ಅವರೆಬೇಳೆಯದಿದೆ.
ಎನಾಮೆಲ್ ಅಗ್ಗ, ಬ್ರಶ್ಶಿನಲ್ಲೇ ಬಳಿಯಬಹುದು,
ಆದರೆ ಮೂರು ದಿನ ಒಣಗದೆ ಊರ ಧೂಳನ್ನೆಲ್ಲ ಸಾಕುತ್ತೆ,
ಗೇಟಿಗೆ ಸರಿ.
ಎನ್.ಸಿ. ಹತ್ತು ನಿಮಿಷಕ್ಕೆ ಒಣಗುತ್ತೆ, ಹೊಳಪು ಮಾತ್ರ
ನಿಮ್ಮ ರಟ್ಟೆಯಿಂದ ಬರಬೇಕು.
ಟೂ-ಕೆ ಒಳ್ಳೇದು. ಉಸಿರಿಗೆ ವಿಷ,
ಜೇಬಿಗೆ ಅದಕ್ಕಿಂತ ವಿಷ.

ಎನ್.ಸಿ.ನೇ ಕೊಡಿ ಅಂದೆ. ಥಿನ್ನರು ಎಷ್ಟು ಬೇಕು ಅಂದರೆ
ಬಣ್ಣಕ್ಕಿಂತ ಜಾಸ್ತಿ ಅಂದರು.
ಮಜ್ಜಿಗೆಯ ಲೆಕ್ಕ: ಮೊಸರು ಕಮ್ಮಿ, ನೆಂಟರು ಹೆಚ್ಚು.

ನಾನು ಬುದ್ಧಿವಂತಿಕೆ ಮಾಡಿ
ಪೆಟ್ರೋಲು ಮುಚ್ಚಳವನ್ನೇ ಬಿಚ್ಚಿ ತಂದಿದ್ದೆ,
ತರಕಾರಿ ಚೀಲದಲ್ಲಿ, ಕೊತ್ತಂಬರಿ ಪಕ್ಕ.
ಒಳಮೈ ತಿರುಗಿಸಿ ತೋರಿಸಿದೆ:
ಬಿಸಿಲು ಕಾಣದ್ದು, ಮಳೆ ಕಾಣದ್ದು,
ತೊಂಬತ್ತೊಂಬತ್ತರಲ್ಲಿ ಕಾರ್ಖಾನೆ ಕೊಟ್ಟಿದ್ದೇ ಬಿಳಿ.
ಇದೇ ಬೇಕು. ಇದು ಅಸಲಿ.

ಸಾಬರು ಮುಚ್ಚಳ ಹಿಡಿದು ಹೊರಗೆ ಬಂದರು,
ಕಾರಿನ ಬಲ ಬಾಗಿಲಿಗೆ ಒತ್ತಿ ಹಿಡಿದರು.
ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತಾರೆ;
ಪಕ್ಕಪಕ್ಕ ಇಟ್ಟಾಗ ನನ್ನ ಕಾರು ಬೆಳ್ಳಗೇ ಇಲ್ಲ.
ಹಲ್ಲಿನ ಬಣ್ಣ.
ಬೀರುವಿನಲ್ಲಿ ಉಳಿದ ಲಗ್ನಪತ್ರಿಕೆಯ ಬಣ್ಣ.

“ನಿಮ್ಮ ದುಡ್ಡಿಗೆ ಒಂದು ಬಾಗಿಲು, ಒಂದು ಬಾನೆಟ್ಟು.
ಅಷ್ಟಕ್ಕೆ ಅಸಲಿ ಹಚ್ಚಿದರೆ, ಅಮ್ಮಾ,
ಉಳಿದದ್ದೆಲ್ಲ ನಕಲಿ ಆಗುತ್ತೆ.”

ಆಮೇಲೆ ಡಬ್ಬಿ ತೆರೆದು
ಬೆಂಕಿಕಡ್ಡಿಯಲ್ಲಿ ಕಪ್ಪು ಒಂದು ಹನಿ,
ಹಳದಿ ಎರಡು, ಇಟ್ಟಿಗೆ ಕೆಂಪು ಅರ್ಧ.
ಅರ್ಧ ಹನಿ ಬೀಳುವುದನ್ನು ನಾನು ಕಂಡವಳಲ್ಲ,
ಅವತ್ತು ಬಿತ್ತು.
ಕಲಕಿ, ಬೆರಳಲ್ಲಿ ಬಾಗಿಲಿಗೆ ಹಚ್ಚಿ, ಊದಿ,
ತಲೆ ಅಲ್ಲಾಡಿಸಿ, ಮತ್ತೆ ಕಲಕಿ,
ಇಪ್ಪತ್ತೈದು ವರ್ಷದ ಬಿಸಿಲನ್ನು
ಒಂದು ಗಂಟೆಯಲ್ಲಿ ಡಬ್ಬಿಗೆ ಇಳಿಸಿದರು.
ನಾಲ್ಕನೇ ಸಲ ಹಚ್ಚಿದ ಗುರುತು
ಹುಡುಕಿದರೂ ಸಿಗಲಿಲ್ಲ.

ಭಾನುವಾರ ಗಾಳಿ ಇರಲಿಲ್ಲ. ಕಿಟಕಿಗೆ ಹಳೇ ಪೇಪರು,
ಮೂಗಿಗೆ ಒದ್ದೆ ಸೀರೆ ತುಂಡು,
ಅಂಗಳಕ್ಕೆ ನೀರು ಚಿಮುಕಿಸಿ ಧೂಳನ್ನು ಕೂರಿಸಿದೆ.
ಮೊದಲ ಕೋಟು ಸೋರಿತು. ಎರಡನೇದಕ್ಕೆ ಕೈ ಕಲಿಯಿತು.
ನಾನೇ ಎಲ್ಲರಿಗೂ ಹೇಳೋದು:
ಹೆದರಬೇಡಿ, ಒಂದೇ ವೇಗ, ತಿರುವಿನಲ್ಲಿ ಸಡಿಲ ಬಿಡಿ.
ಮೂರನೇದರ ಮೇಲೆ ಒಂದು ನೊರಜು ಬಂದು ಕೂತಿತು.
ಕೀಳಲು ಹೋದರೆ ಗಾಯ ದೊಡ್ಡದಾಗುತ್ತೆ.
ಹಾಜರಿಗೆ ಹೊಸ ಹೆಸರು, ಬಿಟ್ಟೆ.

ಮುಚ್ಚಳವನ್ನು ಕೊನೆಗೆ ಕೂರಿಸಿದೆ,
ಒಳಮೈಗೆ ಏನೂ ಬಳಿಯದೆ.
ಇನ್ನೂರು ರೂಪಾಯಿಗೆ ಹಾಕಪ್ಪ ಅಂದಾಗ
ತಣ್ಣೀರುಹಳ್ಳದ ಬಂಕಿನ ಹುಡುಗ ಅದನ್ನು ತೆರೆಯುತ್ತಾನೆ.
ಅಂಗೈಯಗಲ, ಬೆಳ್ಳಗೆ.
ಅವನು ಮೀಟರು ನೋಡುತ್ತಾನೆ.
ನಾನೂ ಅದನ್ನೇ ನೋಡುತ್ತೇನೆ.