ಜಮಾ

ಡಿಸಿ ಆಫೀಸಿನ ಬೇವಿನ ಗಿಡದ ತೆಳಗ
ಇಪ್ಪತ್ತೆರಡು ವರ್ಷ ಆಯ್ತು ನಾ ಅರ್ಜಿ ಬರೀಲಿಕ್ಕೆ ಹತ್ತಿ.
ಪಹಣಿ, ಪಿಂಚಣಿ, ಜಾತಿ, ಉತ್ಪನ್ನ.
ಜನ ಹೇಳ್ತಾರ, ನಾ ಬರೀತೀನಿ,
ಬರೆದದ್ದು ಮರೀತೀನಿ, ಅದೇ ಈ ಧಂದೆದ ಧರ್ಮ.

ಶಹಾಬಾದಿನ ಲಾಡ್ಲೆಪ್ಪನದು ಮಾತ್ರ ಮರೀಲಿಲ್ಲ.

ಮೈತುಂಬ ಫರಸಿ ಕಲ್ಲಿನ ಧೂಳು,
ಒಂಬತ್ತರ ಪ್ಯಾಸೆಂಜರಿಗೆ ಬಂದಿದ್ದ.
ಚೀಲದಾಗ ಆಧಾರ್ ಕಾರ್ಡು, ಎರಡು ಫೋಟೊ,
ಬಾಯಾಗ ಒಂದೇ ಮಾತು:
"ಬಂದೂಕಿನ ಲೈಸೆನ್ಸ್ ಬೇಕ್ರಿ. ಮನಿ ಕಾಯ್ಕೊಳ್ಳಾಕ."

ಬರೆದೆ. ಹೆಸರು. ತಂದಿ ಹೆಸರು. ಮನಿ ನಂಬರು.
ಕಾರಣ ಅನ್ನೋ ಕಾಲಮಿನಾಗ
ಜೀವಭಯ ಅಂತ ಬರೆದು
ಮುಂದಿನ ಕಾಲಮಿಗೆ ಬಂದು ಪೆನ್ನು ನಿಂತಿತು.
ಹಿಂದ ಏನರೆ ಸಜಾ ಆಗ್ಯಾದೇನು?

ಬಾಜೂಕ ಝರಾಕ್ಸ್ ಮಶೀನು ಗುರ್ರ ಅಂತಿತ್ತು.
"ಹತ್ತೊಂಬತ್ತನೇ ವರ್ಷಕ್ಕ" ಅಂದ,
"ಭೀಮಾದ ಆಕಡಿಂದ ತಂದ ನಾಡ ಪಿಸ್ತೂಲು.
ಸಾತಪ್ಪ. ಒಂದೇ ಗುಂಡು.
ಸಿಟ್ಟು ಬ್ಯಾರೆಯವರದಿತ್ತು, ಕೈ ನಂದಿತ್ತು.
ಹಂಗಂತ ತಪ್ಪು ಅವರದಂತ ಹೇಳಲ್ಲ ನಾ."
ಹದಿನಾಕು ವರ್ಷ ಕಲಬುರಗಿ ಜೇಲು.
ಬಿಟ್ಟಮ್ಯಾಲ ಠಾಣೆದ ಗ್ವಾಡಿಮ್ಯಾಲ ಫೋಟೊ.

ಸಾತಪ್ಪನ ತಮ್ಮ ಸಿದ್ರಾಮಗೌಡನ ಹಂತ್ಯಾಕ
ಜೋಡುನಳಿಗಿ ಅದ, ಲೈಸೆನ್ಸಿಂದು,
ಹಂದಿ ಹೊಡೀಲಿಕ್ಕಂತ.
ಅಮಾಸಿಗೊಮ್ಮೆ ಲಾಡ್ಲೆಪ್ಪನ ಓಣಿದಾಗ ಜೀಪು ನಿಲ್ಲಿಸಿ
ಸೀಟಿನ ಮ್ಯಾಲ ಕುಂತು ಬಂದೂಕು ಒರಸ್ತಾನ.
ಏನೂ ಅನ್ನಲ್ಲ.
ಅರಿವಿ ಎಣ್ಣಿಗಿ ಅದ್ದಿ ಒರಸ್ತಾನ, ಅಷ್ಟೇ.

ರಾತ್ರಿ ಬಾಗಿಲ ಚಿಲಕ ಗಾಳಿಗಿ ಅಲುಗಿದ್ರೂ
ಲಾಡ್ಲೆಪ್ಪ ನಿದ್ದಿದಾಗೇ ಎದ್ದು
ಗ್ವಾಡಿಗಿ ಬೆನ್ನು ಹಚ್ಚಿ ನಿಲ್ತಾನ.
ಯಾರಂತ ಕೇಳಲ್ಲ, ಕೈಗಿ ಏನೂ ಹುಡುಕಲ್ಲ,
ಜೇಲಿನ ಗಿಣತಿಗಿ ನಿಂತಂಗ ನಿಲ್ತಾನ.
ಮಗಳು ರೇಣುಕಾ ಕತ್ತಲದಾಗ ಹೇಳಬೇಕು:
"ಅಪ್ಪಾ, ಎಣಸ್ಯಾರ. ಮಲಕ್ಕೋ."

ಕಲ್ಲು ಎಬ್ಬಿಸೋ ಹಾರಿ
ನಾಗೂಬಾಯಿ ಜ್ವಾಳದ ಚೀಲದ ಹಿಂದ ಮುಚ್ಚಿಟ್ಟಾಳ.
ಬರೋರು ಬರಲಿ, ಅಂತಾಳ,
ಇವ ಮತ್ತ ಹೋಗೂದು ಬ್ಯಾಡ.

ನಂಗ ಕಾಯ್ದೆ ಅಲ್ಪಸ್ವಲ್ಪ ಗೊತ್ತದ.
ಮನಿಗಿ ನುಗ್ಗಿದವನ ತಡೆಯೋ ಹಕ್ಕು ಎಲ್ಲರಿಗೂ ಅದ,
ಲಾಡ್ಲೆಪ್ಪಗೂ ಅದ.
ಖರೆ, ಬೆಳಗಾದಮ್ಯಾಲ ಪಂಚನಾಮೆಗಿ ಬಂದವರು
ಮುರಿದ ಬಾಗಿಲ ನೋಡ್ತಾರೋ
ಗ್ವಾಡಿಮ್ಯಾಲಿನ ಫೋಟೊ ನೋಡ್ತಾರೋ?

ಹಾಂಗಂತ, ನನ್ನ ಮನಿ ಬಾಜೂಕ ಅವನಿದ್ರ
ಅವಗ ಬಂದೂಕು ಕೊಡ್ರಿ ಅಂತ
ನಾ ಸಹಿ ಹಾಕ್ತಿದ್ನೇನು? ಇಲ್ಲ.
ಗೌಡಗ?
ಅದನ್ನ ಯಾರೂ ನನ್ನ ಕೇಳಲಿಲ್ಲ.

ಕಾಲಮಿನಾಗ ಹೌದು ಅಂತ ಬರೆದೆ.
ಮೂರು ತಿಂಗಳಿಗಿ ಹಿಂಬರಹ ಬಂತು, ಒಂದೇ ಸಾಲು.

ಆಮ್ಯಾಲ ಚುನಾವಣಿ.
ಲೈಸೆನ್ಸಿನ ಬಂದೂಕೆಲ್ಲ ಠಾಣೆಗಿ ಜಮಾ,
ರೌಡಿ ಪಟ್ಟಿದವರು ದಿನಾ ಸಂಜಿಕ ಹಾಜರಿ.
ಒಂದೇ ಮೇಜಿನ ಮುಂದ ನಿಂತ್ರು ಇಬ್ಬರೂ:
ಗೌಡ ಬಂದೂಕು ಕೊಟ್ಟು ರಶೀದಿ ಇಸ್ಕೊಂಡ,
ಲಾಡ್ಲೆಪ್ಪ ತನ್ನನ್ನೇ ಕೊಟ್ಟ, ರಶೀದಿ ಇಲ್ಲ.

ನಲವತ್ತು ರಾತ್ರಿ
ಚಿಲಕ ಅಲುಗಿದ್ರೂ ಏಳಲಿಲ್ಲಂತ.

ಮತ ಎಣಿಕಿ ಮುಗಿದ ಮರುದಿನ ಮತ್ತ ಬಂದ,
ಫೋಟೊ ಇಲ್ಲ, ಚೀಲ ಇಲ್ಲ.
"ನನಗ ಬಂದೂಕು ಬ್ಯಾಡ್ರಿ.
ಅವಂದು ಅಲ್ಲೇ ಇರಲಿ ಅಂತ ಒಂದು ಅರ್ಜಿ ಬರೀರಿ."

ಅದಕ್ಕ ಯಾವ ನಮೂನೆನೂ ಇಲ್ಲ.
ಬಿಳಿ ಹಾಳಿ ತಗೊಂಡೆ. ಇವರಿಗೆ, ಅಂತ ಬರೆದೆ.
ವಿಷಯ, ಅಂತ ಬರೆದೆ.
ಬೇವಿನ ಹಣ್ಣೊಂದು ಹಾಳಿಮ್ಯಾಲ ಬಿದ್ದು ಉಳ್ಳಿತು.

"ರೊಕ್ಕ ಎಷ್ಟಾತ್ರಿ?" ಅಂದ.
ಇನ್ನಾ ಬರದಿಲ್ಲ, ತಡಿ, ಅಂದೆ.